ಏಳರಿಂದ ಎಂಟೂ ಹತ್ತು: ಪುಟ್ಟ ಮಕ್ಕಳ ತಿಂಡಿಗೆ ಯಾವುದು, ಡಬ್ಬಿಗೆ ಯಾವುದು?

ಏಳಕ್ಕೆ ಮಗಳನ್ನು ಎಬ್ಬಿಸಬೇಕು. ಎಂಟೂ ಹತ್ತಕ್ಕೆ ಶಾಲೆಯ ವ್ಯಾನ್ ಬಂದು ಬೀದಿಯ ಕೊನೆಯಲ್ಲಿ ಹಾರ್ನ್ ಹೊಡೆಯುತ್ತದೆ. ನಡುವೆ ಹಲ್ಲುಜ್ಜಿಸಿ, ಸ್ನಾನ ಮಾಡಿಸಿ, ಜಡೆ ಹಾಕಿ, ಕಾಣೆಯಾದ ಇನ್ನೊಂದು ಕಾಲುಚೀಲ ಹುಡುಕಿ ಉಳಿದ ಹೊತ್ತಿನಲ್ಲಿ ಹೊಟ್ಟೆಗೊಂದು ತಿಂಡಿ, ಡಬ್ಬಿಗೊಂದು ಊಟ ಆಗಬೇಕು. ಹೆಂಡತಿ ಏಳಕ್ಕೆ ಮುಂಚೆಯೇ ಕೆಲಸಕ್ಕೆ ಹೊರಡುವುದರಿಂದ ನಮ್ಮ ಮನೆಯಲ್ಲಿ ಇದು ನನ್ನ ಪಾಲು. ಮಗಳಿಗೆ ಈಗ ಐದು ವರ್ಷ, ಯುಕೆಜಿ. ಎರಡು ವರ್ಷದ ಅನುಭವ ಅಂತ ಹೇಳಿಕೊಳ್ಳಬಹುದು. ಅದರಲ್ಲಿ ಮೊದಲ ಆರು ತಿಂಗಳು ಅನುಭವಕ್ಕಿಂತ ಎಡವಟ್ಟೇ ಜಾಸ್ತಿ.

ಆಗೆಲ್ಲ ರಾತ್ರಿ ಮಲಗುವಾಗ ಒಂದೇ ಯೋಚನೆ: ನಾಳೆ ಉಪ್ಪಿಟ್ಟೋ, ದೋಸೆಯೋ? ಅದಲ್ಲ ಕೇಳಬೇಕಾದದ್ದು ಅಂತ ಗೊತ್ತಾಗಲು ಹೊತ್ತು ಹಿಡಿಯಿತು. ನಮ್ಮ ತಿಂಡಿಗಳಲ್ಲಿ ಹೆಚ್ಚಿನವು ಅಕ್ಕಿ, ರವೆ, ಗೋಧಿ. ದೊಡ್ಡವರು ಅದರ ಮೇಲೆ ಸಾಂಬಾರು ಸುರಿದುಕೊಂಡು, ಚಟ್ನಿ ಹಚ್ಚಿಕೊಂಡು ಸರಿದೂಗಿಸುತ್ತೇವೆ. ಮಗು ಹಾಗಲ್ಲ. ಚಟ್ನಿ ಖಾರ, ಸಾಂಬಾರಲ್ಲಿ ಬದನೆಕಾಯಿ ಇದೆ ಅಂತ ಎರಡನ್ನೂ ಪಕ್ಕಕ್ಕೆ ತಳ್ಳಿ, ಬರೀ ಇಡ್ಲಿ ತಿಂದು ಎದ್ದುಬಿಡುತ್ತದೆ. ಹಾಗಾಗಿ ಮಕ್ಕಳ ಮಟ್ಟಿಗೆ ಯಾವ ತಿಂಡಿ ಅನ್ನುವುದಕ್ಕಿಂತ, ಬೇಳೆಯೋ ಮೊಟ್ಟೆಯೋ ಮೊಸರೋ ಶೇಂಗಾವೋ ಆ ತಿಂಡಿಯ ಒಳಗೇ ಸೇರಿಕೊಂಡಿದೆಯಾ ಅನ್ನುವುದು ಮುಖ್ಯ. ಪಕ್ಕದಲ್ಲಿಟ್ಟದ್ದು ಲೆಕ್ಕಕ್ಕಿಲ್ಲ.

ಮುಂದೆ ಬರುವ ಹೋಲಿಕೆಗಳನ್ನೆಲ್ಲ ನಾನು ಹೀಗೆಯೇ ಮಾಡಿದ್ದೇನೆ. ಒಳಗೆ ಏನಿದೆ, ಬೆಳಿಗ್ಗೆ ಎಷ್ಟು ನಿಮಿಷ ಹಿಡಿಯುತ್ತದೆ, ಆರಿದ ಮೇಲೆ ಹೇಗಿರುತ್ತದೆ, ಪಕ್ಕದಲ್ಲಿ ಅಪ್ಪ ಅಮ್ಮ ಇಲ್ಲದಾಗ ಮಗು ತನ್ನ ಕೈಯಲ್ಲೇ ತಿನ್ನಬಲ್ಲದಾ. ಮೂರರಿಂದ ಆರು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಪ್ರೋಟೀನ್ ಚಿಂತೆ ಬಿಡಿ, ಕಬ್ಬಿಣ ನೋಡಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಲ್ಲಿ, 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ ಸುಮಾರು 16 ಗ್ರಾಂ ಪ್ರೋಟೀನ್, 550 ಮಿಲಿಗ್ರಾಂ ಕ್ಯಾಲ್ಸಿಯಂ, 11 ಮಿಲಿಗ್ರಾಂ ಕಬ್ಬಿಣ ಬೇಕು. ಹದಿನಾರು ಗ್ರಾಂ ಪ್ರೋಟೀನ್ ಏನೂ ದೊಡ್ಡ ವಿಷಯವಲ್ಲ. ಒಂದು ಲೋಟ ಹಾಲಿನಲ್ಲಿ ಆರು ಗ್ರಾಂ ಸಿಗುತ್ತದೆ. ಮೊಟ್ಟೆಯಲ್ಲಿ ಇನ್ನೊಂದು ಆರು. ಹಿಡಿ ಬೇಳೆಯಲ್ಲಿ ಐದಾರು. ಮೇಲಿಂದ ಅನ್ನ, ಚಪಾತಿಯ ಪಾಲು ಬೇರೆ. ಡಬ್ಬದ ಪ್ರೋಟೀನ್ ಪುಡಿ ಮಾರುವವರು ಈ ಕೂಡುವ ಲೆಕ್ಕ ನಮಗೆ ಹೇಳುವುದಿಲ್ಲ ಅಷ್ಟೇ.

ಕಷ್ಟ ಇರುವುದು ಕಬ್ಬಿಣದಲ್ಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಆರು ತಿಂಗಳಿಂದ ಐದು ವರ್ಷದೊಳಗಿನ ಭಾರತದ ಮಕ್ಕಳಲ್ಲಿ 67% ಮಕ್ಕಳಿಗೆ ರಕ್ತಹೀನತೆ ಕಂಡುಬಂದಿತ್ತು. ಬಿಳಿ ಅಕ್ಕಿಯಲ್ಲಿ ಕಬ್ಬಿಣ ತೀರಾ ಕಡಿಮೆ. ಕಾಳು, ಸೊಪ್ಪು, ರಾಗಿಯಲ್ಲಿ ಇದೆ, ಆದರೆ ಸಸ್ಯಗಳಲ್ಲಿರುವ ಕಬ್ಬಿಣ ಸುಲಭವಾಗಿ ಮೈಗೆ ಹತ್ತುವುದಿಲ್ಲ. ಅದಕ್ಕೆ ವಿಟಮಿನ್ ಸಿ ಜೊತೆ ಬೇಕು. ಅಂದರೆ ನಿಂಬೆರಸ, ಸೀಬೆಹಣ್ಣು, ನೆಲ್ಲಿಕಾಯಿ. ಟೀ ಕಾಫಿ ಇದಕ್ಕೆ ತದ್ವಿರುದ್ಧ, ಕಬ್ಬಿಣವನ್ನು ತಡೆಯುತ್ತವೆ. "ಒಂದೇ ಗುಟುಕು" ಅಂತ ಅಜ್ಜ ತನ್ನ ಲೋಟದಿಂದ ಕೊಡುವ ಟೀ ಕೂಡ ತಿಂಡಿಯ ಜೊತೆಗೆ ಬೇಡ. ಇದನ್ನು ನಮ್ಮಪ್ಪನಿಗೆ ಹೇಳುವ ಧೈರ್ಯ ಬರಲು ನನಗೆ ಒಂದು ವರ್ಷ ಬೇಕಾಯಿತು.

ಇಡ್ಲಿ ಮತ್ತು ದೋಸೆ

ಹಿಟ್ಟು ಒಂದೇ, ಆದರೆ ಹೋಗುವ ದಾರಿ ಬೇರೆ. ತಟ್ಟೆಗೆ ದೋಸೆ, ಡಬ್ಬಿಗೆ ಇಡ್ಲಿ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಹೆಂಚಿನಿಂದ ಇಳಿದ ದೋಸೆಯನ್ನು ಮಗು ಗರಿಗರಿಯಾಗಿರುವಾಗಲೇ ತಿಂದು ಮುಗಿಸುತ್ತದೆ. ಅದೇ ದೋಸೆ ಡಬ್ಬಿಯಲ್ಲಿ ಮೂರು ಗಂಟೆ ಕೂತರೆ ಚರ್ಮದ ಹಾಗೆ ಆಗುತ್ತದೆ. ಪುಟ್ಟ ಹಲ್ಲಿಗೆ ಹರಿಯುವುದಿಲ್ಲ. ಸೆಟ್ ದೋಸೆ ಸ್ವಲ್ಪ ವಾಸಿ, ಆದರೂ ಇಡ್ಲಿಗೆ ಸಮ ಅಲ್ಲ. ಇಡ್ಲಿ ಆರಿದರೂ ಮೆತ್ತಗೇ ಇರುತ್ತದೆ. ಚಟ್ನಿಯನ್ನು ಬೇರೆ ಡಬ್ಬಿಯಲ್ಲಿ ಕಳಿಸಿದರೆ ಅದು ಹಾಗೇ ವಾಪಸ್ ಬರುತ್ತದೆ, ಇಲ್ಲಾ ಬ್ಯಾಗಿನ ಪುಸ್ತಕಕ್ಕೆ ಹತ್ತಿರುತ್ತದೆ. ಅದಕ್ಕೆ ಇಡ್ಲಿಯನ್ನು ನಾಲ್ಕು ತುಂಡು ಮಾಡಿ, ತುಪ್ಪದಲ್ಲಿ ಕಲಸಿದ ಚಟ್ನಿಪುಡಿ ಸವರಿಯೇ ಕಳಿಸಿ. ಖಾರ ಕಡಿಮೆ ಹಾಕಿ ಮಾಡಿದ ಹುರಿಗಡಲೆ–ಕೊಬ್ಬರಿ ಪುಡಿ ಆದರೆ ಇನ್ನೂ ಚೆನ್ನ. ಚಿಕ್ಕ ಚಿಕ್ಕ ಗುಳಿಗಳಿರುವ ಇಡ್ಲಿ ತಟ್ಟೆ ಇದ್ದರೆ ತುಂಡು ಮಾಡುವ ಕೆಲಸವೂ ಇಲ್ಲ.

ಮನೆಯಲ್ಲಿ ರುಬ್ಬುವುದೋ, ಅಂಗಡಿಯ ಹಿಟ್ಟು ತರುವುದೋ? ಮನೆಯಲ್ಲಾದರೆ ಮೂರು ಪಾಲು ಅಕ್ಕಿಗೆ ಒಂದು ಪಾಲು ಉದ್ದಿನಬೇಳೆ ಅಂತ ನಮ್ಮ ಕೈಯಲ್ಲೇ ಅಳತೆ ಇರುತ್ತದೆ. ಒಂದು ಹಿಡಿ ಹೆಸರುಬೇಳೆ ಜಾಸ್ತಿ ಹಾಕಬಹುದು, ಅಕ್ಕಿಯಲ್ಲಿ ಅರ್ಧ ತೆಗೆದು ರಾಗಿ ಹಾಕಬಹುದು. ಪೊಟ್ಟಣದ ಹಿಟ್ಟಿನಲ್ಲಿ ಬೇಳೆ ಎಷ್ಟಿದೆಯೋ ತಿಳಿಯುವುದಿಲ್ಲ. ಹಾಗಂತ ಅದನ್ನು ಬೈಯುವುದಿಲ್ಲ. ಭಾನುವಾರ ರುಬ್ಬಲಾಗದ ವಾರ ನಾನೂ ತರುತ್ತೇನೆ. ಹುದುಗಿದ ಹಿಟ್ಟು ಮಕ್ಕಳಿಗೆ ಸುಲಭವಾಗಿ ಜೀರ್ಣವಾಗುತ್ತದೆ, ಬೇಳೆ ಮತ್ತು ಧಾನ್ಯದಲ್ಲಿರುವ ಕಬ್ಬಿಣವನ್ನೂ ಹುದುಗು ಕೊಂಚ ಬಿಡಿಸಿಕೊಡುತ್ತದೆ.

ಹಿಟ್ಟೇ ಇಲ್ಲದ ದಿನ ರವೆ ಇಡ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಬೆಂಗಳೂರಿನ ಎಂಟಿಆರ್‌ನವರು ಹೊಂದಿಸಿಕೊಂಡ ತಿಂಡಿ ಅನ್ನುತ್ತಾರೆ. ಇವತ್ತು ಅದು ಹೊತ್ತಿಲ್ಲದ ಅಪ್ಪಂದಿರ ತಿಂಡಿ. ರವೆ ಹುರಿದು ಡಬ್ಬದಲ್ಲಿಟ್ಟಿದ್ದರೆ, ಬೆಳಿಗ್ಗೆ ಮೊಸರಲ್ಲಿ ಕಲಸಿ, ಕ್ಯಾರೆಟ್ ತುರಿದು ಹಾಕಿ, ಒಲೆಯ ಮೇಲಿಟ್ಟು ಜಡೆ ಹಾಕಲು ಹೋಗಬಹುದು.

ಅವಲಕ್ಕಿ, ಉಪ್ಪಿಟ್ಟು, ಮಂಡಕ್ಕಿ

ಮೂರೂ ಹತ್ತು ಹದಿನೈದು ನಿಮಿಷದ ತಿಂಡಿಗಳು. ಆದರೆ ಮೂರೂ ಒಂದೇ ಅಲ್ಲ.

ಉಪ್ಪಿಟ್ಟಿನ ಪರವಾಗಿ ಒಂದು ಮಾತು ಹೇಳಬೇಕು. ಅದನ್ನು ಕಂಡರೆ ಮೂಗು ಮುರಿಯುವವರು ಜಾಸ್ತಿ, ಆದರೆ ಗೋಧಿ ರವೆಯಲ್ಲಿ ಅಕ್ಕಿಗಿಂತ ಪ್ರೋಟೀನ್ ಹೆಚ್ಚು, 100 ಗ್ರಾಮಿಗೆ ಸುಮಾರು 11 ಗ್ರಾಂ. ಬಟಾಣಿ, ಬೀನ್ಸ್, ಕ್ಯಾರೆಟ್ ಬೀಳುವುದೂ ಅದಕ್ಕೇ. ತೊಂದರೆ ಏನೆಂದರೆ, ಬಿಸಿ ಇರುವಾಗ ಮಾತ್ರ ಅದು ಉಪ್ಪಿಟ್ಟು. ಆರಿದರೆ ಡಬ್ಬಿಯ ಆಕಾರದ ಇಟ್ಟಿಗೆ. ಬೋರಲು ಹಾಕಿದರೂ ಬೀಳುವುದಿಲ್ಲ. ಹಾಗಾಗಿ ಅದು ಮನೆಯಲ್ಲೇ ತಿಂದು ಹೋಗುವ ತಿಂಡಿ. ಸಣ್ಣ ರವೆಗಿಂತ ಬನ್ಸಿ ರವೆಯ ಉಪ್ಪಿಟ್ಟು ಉದುರುದುರಾಗಿ ಬರುತ್ತದೆ, ಮಕ್ಕಳ ಬಾಯಲ್ಲಿ ಅಂಟುವುದಿಲ್ಲ.

ಅವಲಕ್ಕಿ ನನ್ನ ನೆಚ್ಚಿನದು. ಅದೇ ಅಕ್ಕಿಯಿಂದ ಮಾಡಿದ್ದಾದರೂ ಬಿಳಿ ಅಕ್ಕಿಗಿಂತ ಅವಲಕ್ಕಿಯಲ್ಲಿ ಕಬ್ಬಿಣ ಹಲವು ಪಟ್ಟು. ಮೇಲೆ ನಿಂಬೆಹಣ್ಣು ಹಿಂಡುವ ನಮ್ಮ ರೂಢಿ ಎಷ್ಟು ಸರಿಯಾಗಿದೆ ನೋಡಿ. ಕಬ್ಬಿಣಕ್ಕೆ ಬೇಕಾದ ಜೊತೆ ಅದೇ. ಒಲೆ ಆರಿಸಿದ ಮೇಲೆ ಹಿಂಡಿ, ಕಾಯಿಸಿದರೆ ವಿಟಮಿನ್ ಸಿ ಹಾಳಾಗುತ್ತದೆ. ಒಗ್ಗರಣೆಯ ಶೇಂಗಾ ಮಾತ್ರ ಇಡಿಯಾಗಿ ಬೇಡ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ, ಇಡೀ ದ್ರಾಕ್ಷಿ, ಗೋಡಂಬಿ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯ ಇದೆ. ಹುರಿದು ತರಿತರಿಯಾಗಿ ಕುಟ್ಟಿ ಹಾಕಿ.

ಅವಲಕ್ಕಿಯಲ್ಲೂ ಯಾವುದು ಅಂತ ನೋಡಬೇಕು. ಗಟ್ಟಿ ಅವಲಕ್ಕಿ ಒಗ್ಗರಣೆಗೆ, ತೆಳು ಅವಲಕ್ಕಿ ಮೊಸರಿಗೆ. ತೆಳುವಾದದ್ದನ್ನು ನೆನೆಸಿದರೆ ಅಂಟಾಗಿಬಿಡುತ್ತದೆ, ಮೊಸರು ಬೆಲ್ಲ ಬಾಳೆಹಣ್ಣು ಹಾಕಿ ಹಾಗೇ ಕಲಸಿದರೆ ಎರಡು ನಿಮಿಷದ ತಿಂಡಿ. ಡಬ್ಬಿಗಾದರೆ ಗೊಜ್ಜವಲಕ್ಕಿ. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ರವೆಯಷ್ಟು ತರಿ ಮಾಡಿ, ಹುಣಸೆರಸ, ಬೆಲ್ಲ, ಸಾರಿನಪುಡಿಯಲ್ಲಿ ನೆನೆಸಿ ಒಗ್ಗರಣೆ ಕೊಟ್ಟದ್ದು. ಹೊತ್ತು ಹೋದಷ್ಟೂ ರುಚಿ ಏರುತ್ತದೆ. ಮೈಸೂರಿನ ಕಡೆ ಪ್ರಯಾಣಕ್ಕೆ ಕಟ್ಟಿಕೊಂಡು ಹೋಗುವ ಬುತ್ತಿ ಇದು, ಶಾಲೆಯ ಡಬ್ಬಿಯಲ್ಲಿ ಕೆಡುತ್ತದೆಯೇ?

ಮಂಡಕ್ಕಿಯನ್ನು ನಾನು ಹಗುರವಾಗಿ ನೋಡುತ್ತಿದ್ದೆ. ಹೊಟ್ಟೆ ತುಂಬಿದ ಹಾಗಾಗುತ್ತದೆ, ಒಂದು ಗಂಟೆಗೆ ಮತ್ತೆ ಹಸಿವು. ನನ್ನ ಅತ್ತೆ ಹುಬ್ಬಳ್ಳಿಯವರು. ಅವರು ಮಾಡಿದ ಸೂಸಲ ತಿಂದ ಮೇಲೆ ಅಭಿಪ್ರಾಯ ಬದಲಾಯಿತು. ಚುರುಮುರಿಯನ್ನು, ಅಂದರೆ ಮಂಡಕ್ಕಿಯನ್ನು, ನೀರಲ್ಲಿ ಅದ್ದಿ ಹಿಂಡಿ, ಉಳ್ಳಾಗಡ್ಡಿ ಒಗ್ಗರಣೆಗೆ ಹಾಕಿ, ಮೇಲೆ ಧಾರಾಳವಾಗಿ ಪುಠಾಣಿ ಹಿಟ್ಟು ಉದುರಿಸುತ್ತಾರೆ. ಆ ಹಿಟ್ಟೇ ಅದರ ಜೀವ. ಪುಠಾಣಿ ಅಂದರೆ ಹುರಿಗಡಲೆ, ಅಂದರೆ ಬೇಳೆ. ತಿಂಡಿಯ ಒಳಗೇ ಬೇಳೆ ಸೇರಿಸುವುದು ಅಂದರೆ ಇದೇ ಅಲ್ವಾ? ಈಗ ಹುರಿಗಡಲೆ ಪುಡಿಯ ಡಬ್ಬ ನಮ್ಮ ಒಲೆಯ ಪಕ್ಕವೇ ಇರುತ್ತದೆ. ಅವಲಕ್ಕಿಗೆ, ಪಲ್ಯಕ್ಕೆ, ಕೆಲವು ಸಲ ದೋಸೆಯ ಮೇಲೂ ಬೀಳುತ್ತದೆ.

ರಾಗಿ: ಹುರಿಹಿಟ್ಟು, ಮಾಲ್ಟ್, ರೊಟ್ಟಿ

ನಮ್ಮಮ್ಮ ತುಮಕೂರಿನ ಕಡೆಯವರು. ರಾಗಿಯ ವಿಷಯದಲ್ಲಿ ನನ್ನದು ಸ್ವಲ್ಪ ಪಕ್ಷಪಾತ ಅಂತ ಮೊದಲೇ ಒಪ್ಪಿಕೊಳ್ಳುತ್ತೇನೆ. ಆದರೂ ಲೆಕ್ಕ ನೋಡಿ. 100 ಗ್ರಾಂ ರಾಗಿಯಲ್ಲಿ 340ರಿಂದ 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿ ಹತ್ತಿರಕ್ಕೂ ಬರುವುದಿಲ್ಲ. ಒಂದು ಹಿಡಿ, ಅಂದರೆ 30 ಗ್ರಾಂ ಹಿಟ್ಟನ್ನು 150 ಮಿಲಿಲೀಟರ್ ಹಾಲಿನಲ್ಲಿ ಕಲಸಿದರೆ ಎರಡೂ ಸೇರಿ ಸುಮಾರು 280 ಮಿಲಿಗ್ರಾಂ ಆಗುತ್ತದೆ. ಮಗುವಿಗೆ ದಿನಕ್ಕೆ ಬೇಕಾದದ್ದರಲ್ಲಿ ಅರ್ಧ ಬೆಳಿಗ್ಗೆಯೇ ಮುಗಿಯಿತು. ರಾಗಿಯಲ್ಲಿರುವುದೆಲ್ಲ ಮೈಗೆ ಹತ್ತುವುದಿಲ್ಲ ನಿಜ, ಅದರಲ್ಲಿರುವ ಫೈಟೇಟ್ ಅನ್ನುವ ಅಂಶ ಸ್ವಲ್ಪ ಭಾಗವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿಸಿದರೆ ಆ ಹಿಡಿತ ಸಡಿಲವಾಗುತ್ತದೆ.

ಹೊತ್ತಿಲ್ಲದವರಿಗೆ ರಾಗಿಯಲ್ಲಿ ಮೊದಲ ಸ್ಥಾನ ಹುರಿಹಿಟ್ಟಿಗೆ. ರಾಗಿಯನ್ನು ಅರಳಿನ ಹಾಗೆ ಹುರಿದು ಬೀಸಿದ ಹಿಟ್ಟು ಇದು. ಬೇಯಿಸುವ ಗೋಜೇ ಇಲ್ಲ. ಬಿಸಿ ಹಾಲು, ಚೂರು ಬೆಲ್ಲ, ಕಾಯಿತುರಿ ಹಾಕಿ ಬೆರಳಲ್ಲಿ ಕಲಸಿದರೆ ತಿಂಡಿ. ಮೂರು ನಿಮಿಷವೂ ಬೇಡ. ಕಂಪನಿಗಳು "ರೆಡಿ ಟು ಈಟ್" ಅಂತ ಪೊಟ್ಟಣ ಮಾಡುವ ಎಷ್ಟೋ ಕಾಲದ ಮೊದಲೇ ಹಳೇ ಮೈಸೂರಿನ ಮನೆಗಳ ಡಬ್ಬದಲ್ಲಿ ಇದು ಇತ್ತು. ಒಂದು ಎಚ್ಚರ: ಒಣ ಹುರಿಹಿಟ್ಟನ್ನು ಮಗು ಬಾಯಿಗೆ ಹಾಕಿಕೊಂಡು ನಕ್ಕರೆ ನೆತ್ತಿಗೆ ಹತ್ತುತ್ತದೆ. ಚೆನ್ನಾಗಿ ಕಲಸಿ, ಕೂರಿಸಿ ಕೊಡಿ.

ಮೊಳಕೆ ರಾಗಿ ಮಾಲ್ಟ್ ಎರಡನೆಯದು. ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ ಇಟ್ಟುಕೊಂಡರೆ ತಿಂಗಳಿಗೆ ಆಗುತ್ತದೆ. ಬೆಳಿಗ್ಗೆ ಗಂಟಾಗದ ಹಾಗೆ ತಣ್ಣೀರಲ್ಲಿ ಕಲಸಿ ಕುದಿಸಬೇಕು, ಐದು ನಿಮಿಷ. 2024ರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲೂ ಮಕ್ಕಳಿಗೆ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುವುದು ಶುರುವಾಯಿತು. ಆದರೆ ಕುಡಿಯುವ ತಿಂಡಿಯ ಒಂದು ಗುಣ ನೆನಪಿರಲಿ. ಒಂದು ಲೋಟ ಮಾಲ್ಟ್ ಹೊಟ್ಟೆಯಲ್ಲಿ ಒಂದೂವರೆ ಗಂಟೆ ನಿಂತರೆ ಹೆಚ್ಚು. ಜೊತೆಗೊಂದು ಬಾಳೆಹಣ್ಣೋ ಅರ್ಧ ದೋಸೆಯೋ ಇರಲಿ.

ಚಾಕೊಲೇಟ್ ರುಚಿಯ ಪುಡಿಗಳ ಜೊತೆ ಹೋಲಿಸಬೇಕು ಅಂದರೆ ಡಬ್ಬದ ಹಿಂಬದಿ ಓದಿದರೆ ಸಾಕು. ಯಾವುದು ಜಾಸ್ತಿ ಇದೆಯೋ ಅದನ್ನು ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಬರೆಯಬೇಕು ಅನ್ನುವುದು ನಿಯಮ. ಹೆಚ್ಚಿನವುಗಳಲ್ಲಿ ಮೊದಲ ಎರಡು ಮೂರು ಹೆಸರಿನೊಳಗೇ ಸಕ್ಕರೆ ಸಿಗುತ್ತದೆ. ಇಂಥ ಪಾನೀಯಗಳನ್ನು "ಹೆಲ್ತ್ ಡ್ರಿಂಕ್" ಅನ್ನುವ ವಿಭಾಗದಿಂದ ತೆಗೆಯಿರಿ ಅಂತ 2024ರಲ್ಲಿ ಕೇಂದ್ರ ಸರ್ಕಾರವೇ ಆನ್‌ಲೈನ್ ಅಂಗಡಿಗಳಿಗೆ ಹೇಳಿತು. ನಮ್ಮ ಆಹಾರ ಸುರಕ್ಷತೆ ಕಾನೂನಿನಲ್ಲಿ ಹೆಲ್ತ್ ಡ್ರಿಂಕ್ ಅನ್ನುವ ವರ್ಗವೇ ಇಲ್ಲ.

ರಾಗಿ ರೊಟ್ಟಿ ಬಿಸಿಯಾಗಿ ಸ್ವರ್ಗ, ಆರಿದರೆ ಮಗುವಿಗೆ ಅಗಿಯಲು ಕಷ್ಟ. ರಜೆಯ ದಿನಕ್ಕಿಟ್ಟುಕೊಳ್ಳಿ. ಮುದ್ದೆ ರಾತ್ರಿಗೆ.

ಚಪಾತಿಯೋ, ಬ್ರೆಡ್ಡೋ, ಅಕ್ಕಿ ರೊಟ್ಟಿಯೋ

ಕೈಯಲ್ಲಿ ಹಿಡಿದು ತಿನ್ನುವ ಡಬ್ಬಿಗೆ ಚಪಾತಿ ಸುರುಳಿಗೆ ಸಾಟಿಯಿಲ್ಲ. ಹಿಟ್ಟನ್ನು ರಾತ್ರಿಯೇ ಕಲಸಿ ಫ್ರಿಜ್‌ನಲ್ಲಿಡುತ್ತೇನೆ. ಕಲಸುವಾಗ ನೀರಿನ ಬದಲು ರಾತ್ರಿ ಉಳಿದ ತೊವ್ವೆ ಹಾಕಿದರೆ ಚಪಾತಿ ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ, ಬೇಳೆಯೂ ಒಳಗೆ ಸೇರಿತು. ಮೆಂತ್ಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಿದರೆ ನನ್ನ ಮಗಳು ಒಂದೊಂದೇ ಎಲೆ ಕಿತ್ತು ತೆಗೆಯುತ್ತಾಳೆ, ಪಾಲಕ್ ರುಬ್ಬಿ ಹಾಕಿದರೆ "ಹಸಿರು ಚಪಾತಿ" ಅಂತ ಕೇಳಿ ತಿನ್ನುತ್ತಾಳೆ. ಒಳಗೆ ಆಲೂಗೆಡ್ಡೆ ಪಲ್ಯಕ್ಕಿಂತ ಪನೀರ್ ಪುಡಿ, ಇಲ್ಲಾ ಮಸೆದ ಕಡಲೆಕಾಳು. ಆಲೂ ಪಲ್ಯ ಹಾಕಿದರೆ ಹಿಟ್ಟಿನೊಳಗೆ ಮತ್ತೆ ಹಿಟ್ಟು ಇಟ್ಟ ಹಾಗೆ.

ಬ್ರೆಡ್ ಜಾಮ್ ಎರಡು ನಿಮಿಷದ ಕೆಲಸ. ಮಕ್ಕಳೂ ಬೇಡ ಅನ್ನುವುದಿಲ್ಲ. ಆದರೆ ಜಾಮ್‌ನಲ್ಲಿ ಹಣ್ಣಿಗಿಂತ ಸಕ್ಕರೆಯ ಪಾಲು ದೊಡ್ಡದು, ಬಿಳಿ ಬ್ರೆಡ್ ಮೈದಾ. ಕಂದು ಬಣ್ಣ ನೋಡಿ ಮೋಸ ಹೋಗಬೇಡಿ. ಪಟ್ಟಿಯಲ್ಲಿ ಮೊದಲ ಹೆಸರು ಇಡೀ ಗೋಧಿ ಹಿಟ್ಟು ಅಂತಿದ್ದರೆ ಸರಿ, ಮೈದಾ ಇದ್ದರೆ ಬಣ್ಣ ಬೇರೆ ಅಷ್ಟೇ. ಬ್ರೆಡ್ಡೇ ಆಗಬೇಕು ಅಂದರೆ ಜಾಮ್ ಬದಲು ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ತುಪ್ಪದಲ್ಲಿ ಕಲಸಿ ಹಚ್ಚಿ. ಖಾರ ಇಲ್ಲದ ಹಿಂಡಿಗೆ ಚೂರು ಬೆಲ್ಲ ಸೇರಿಸಿ ಅತ್ತೆ ಬೇರೆಯೇ ಡಬ್ಬ ಕಳಿಸುತ್ತಾರೆ. ಅಂಗಡಿಯ ಪೀನಟ್ ಬಟರ್‌ಗೆ ಅದು ಏನೂ ಕಡಿಮೆಯಿಲ್ಲ, ದುಡ್ಡೂ ಉಳಿಯಿತು. ಕೆಲವು ಶಾಲೆಗಳು ಅಲರ್ಜಿ ಇರುವ ಮಕ್ಕಳಿಗಾಗಿ ಶೇಂಗಾ ತರಬೇಡಿ ಅನ್ನುತ್ತವೆ, ಮೊದಲೇ ಕೇಳಿಕೊಳ್ಳಿ.

ಅಕ್ಕಿ ರೊಟ್ಟಿ ಸಬ್ಬಸಿಗೆ ಸೊಪ್ಪು ಹಾಕಿದ್ದಾದರೆ ಘಮಕ್ಕೇ ಮಗು ಅಡುಗೆಮನೆಗೆ ಬರುತ್ತದೆ. ಡಬ್ಬಿಯಲ್ಲಿ ಮಾತ್ರ ಬಿರುಸಾಗುತ್ತದೆ. ಉಳಿದ ಅನ್ನ ಒಂದು ಹಿಡಿ ಮಸೆದು ಹಿಟ್ಟಿಗೆ ಸೇರಿಸಿ, ಬಿಸಿನೀರಲ್ಲಿ ಕಲಸಿದರೆ ಕಿರುವಿರಾಮದವರೆಗೆ ತಡೆಯುತ್ತದೆ, ಊಟದ ಹೊತ್ತಿನವರೆಗೆ ಇಲ್ಲ. ಜೋಳದ ರೊಟ್ಟಿ ಬಡಿಯುವುದು ನನಗೆ ಬರುವುದಿಲ್ಲ, ಆ ಬಗ್ಗೆ ಸುಮ್ಮನಿರುವುದೇ ಮೇಲು.

ಮಧ್ಯಾಹ್ನಕ್ಕೆ ಯಾವ ಅನ್ನ

ಚಿತ್ರಾನ್ನ, ಮೊಸರನ್ನ, ಹುಗ್ಗಿ, ಬಿಸಿಬೇಳೆ ಬಾತ್, ಪುಳಿಯೋಗರೆ. ಇವುಗಳಲ್ಲಿ ಒಂದನ್ನು ಆರಿಸು ಅಂದರೆ ನಾನು ಹುಗ್ಗಿ ಅನ್ನುತ್ತೇನೆ. ಕೆಲವರು ಪೊಂಗಲ್ ಅಂತಾರೆ. ಒಂದು ಲೋಟ ಅಕ್ಕಿಗೆ ಒಂದು ಲೋಟ ಹೆಸರುಬೇಳೆ. ಅಕ್ಕಿಯಷ್ಟೇ ಬೇಳೆ ಬೀಳುವ ಊಟ ಬೇರೆ ಯಾವುದಿದೆ? ಕುಕ್ಕರ್‌ನಲ್ಲಿ ನಾಲ್ಕು ಕೂಗು, ತುಪ್ಪ–ಜೀರಿಗೆ ಒಗ್ಗರಣೆ. ಮೆಣಸನ್ನು ಇಡಿಯಾಗಿ ಹಾಕಬೇಡಿ, ಒಂದೇ ಒಂದು ಕಾಳು ಬಾಯಿಗೆ ಸಿಕ್ಕರೂ ಡಬ್ಬಿ ಹಾಗೇ ವಾಪಸ್. ಆರಿದರೆ ಗಟ್ಟಿಯಾಗುವುದರಿಂದ ಬೆಳಿಗ್ಗೆ ಇನ್ನೂ ತೆಳು ಇರುವಾಗಲೇ ತುಂಬಿಸಿ. ಕುಂಬಳಕಾಯಿ ತುರಿದು ಹಾಕಿದರೆ ಕರಗಿಹೋಗುತ್ತದೆ, ಕಣ್ಣಿಗೂ ಬೀಳುವುದಿಲ್ಲ.

ಬಿಸಿಬೇಳೆ ಬಾತ್ ಇದರಷ್ಟೇ ಒಳ್ಳೆಯದು, ತರಕಾರಿ ಇನ್ನೂ ಜಾಸ್ತಿ. ಆದರೆ ಬೆಳಗಿನ ಹೊತ್ತಿಗೆ ಕೆಲಸ ಹೆಚ್ಚು. ಬಿಳಿ ಅಂಗಿಯ ಯೂನಿಫಾರ್ಮ್ ಇದ್ದರೆ ನಾನಂತೂ ಕಳಿಸುವುದಿಲ್ಲ. ಚಿತ್ರಾನ್ನ, ಪುಳಿಯೋಗರೆ ಸುಲಭ, ಆರಿದರೂ ರುಚಿ ಕೆಡುವುದಿಲ್ಲ, ಆದರೆ ಒಳಗೆ ಅನ್ನ ಬಿಟ್ಟರೆ ಇರುವುದು ಒಗ್ಗರಣೆಯ ನಾಲ್ಕು ಬೇಳೆ. ಚಿತ್ರಾನ್ನದ ದಿನ ಅರ್ಧ ಗಂಟೆ ನೆನೆಸಿದ ಹೆಸರುಬೇಳೆ ಕೋಸಂಬರಿಯನ್ನು ಅನ್ನದೊಳಗೇ ಕಲಸಿಬಿಡುತ್ತೇನೆ. ಹೇಗೂ ನಿಂಬೆ ಇರುತ್ತದೆ, ಹೊಂದುತ್ತದೆ. ಪುಳಿಯೋಗರೆಗೆ ಇಂಥ ಉಪಾಯ ನನಗೆ ಹೊಳೆದಿಲ್ಲ.

ಮೊಸರನ್ನದ ಕಷ್ಟ ಬೇಸಿಗೆಯಲ್ಲಿ ಗೊತ್ತಾಗುತ್ತದೆ. ಬೆಳಿಗ್ಗೆ ಎಂಟಕ್ಕೆ ಮೊಸರು ಕಲಸಿದರೆ ಹನ್ನೆರಡೂವರೆಗೆ ಹುಳಿ. ಹಳೆಯ ಉಪಾಯ ಇಲ್ಲಿ ನಡೆಯುತ್ತದೆ: ಅನ್ನವನ್ನು ಹಾಲಿನಲ್ಲಿ ಮಸೆದು, ಉಗುರುಬೆಚ್ಚಗಿರುವಾಗ ಒಂದೇ ಚಮಚ ಮೊಸರು ಬೆರೆಸಿ ಮುಚ್ಚಿಡುವುದು. ಮಗು ಡಬ್ಬಿ ತೆಗೆಯುವ ಹೊತ್ತಿಗೆ ತಾನೇ ಹೆಪ್ಪಾಗಿ ಸಿಹಿ ಮೊಸರನ್ನ ಆಗಿರುತ್ತದೆ. ದಾಳಿಂಬೆ ಕಾಳು ಹಾಕಿದರೆ ಡಬ್ಬಿ ಖಾಲಿ. ಇದರಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ, ವಾರಕ್ಕೆ ಎರಡು ದಿನ ಸಾಕು.

ರಾತ್ರಿ ಉಳಿದ ಅನ್ನದಲ್ಲಿ ಚಿತ್ರಾನ್ನ ಮಾಡುವುದು ಎಲ್ಲ ಮನೆಯ ರೂಢಿ. ಮಗುವಿನ ಡಬ್ಬಿಗೆ ಹೋಗುವುದಾದರೆ ಆ ಅನ್ನ ರಾತ್ರಿಯಿಡೀ ಕಟ್ಟೆಯ ಮೇಲೆ ಕೂತಿರಬಾರದು. ಬೆಂದ ಅನ್ನದಲ್ಲೂ ಕೆಲವು ಬ್ಯಾಕ್ಟೀರಿಯಾದ ಬೀಜಕಣ ಉಳಿದಿರುತ್ತವೆ, ಹೊರಗಿಟ್ಟರೆ ಬೆಳೆದು ವಿಷ ಬಿಡುತ್ತವೆ, ಆ ವಿಷ ಬೆಳಿಗ್ಗೆ ಬಿಸಿ ಮಾಡಿದರೂ ಹೋಗುವುದಿಲ್ಲ. ಊಟ ಮುಗಿದ ಕೂಡಲೇ ಅಗಲ ತಟ್ಟೆಯಲ್ಲಿ ಆರಿಸಿ ಫ್ರಿಜ್ಜಿಗಿಡಿ.

ಮೊಟ್ಟೆ ತಿನ್ನುವ ಮನೆ, ತಿನ್ನದ ಮನೆ

ಮೊಟ್ಟೆ ತಿನ್ನುವವರಿಗೆ ಬೆಳಗಿನ ಅರ್ಧ ತಲೆನೋವು ಕಡಿಮೆ. ದೋಸೆಯ ಮೇಲೆ ಒಡೆದು ಹರಡಿ ಮಗುಚಿದರೆ ಮುಗಿಯಿತು. ಡಬ್ಬಿಗೆ ಬೇಯಿಸಿದ ಮೊಟ್ಟೆ ಬೇಡ, ಮುಚ್ಚಳ ತೆಗೆದಾಗ ಬರುವ ವಾಸನೆಗೆ ಪಕ್ಕದ ಮಕ್ಕಳು ನಗುತ್ತಾರೆ. ಆಮೇಲೆ ಮನೆಯಲ್ಲೂ ತಿನ್ನುವುದಿಲ್ಲ. ನಮಗೆ ಹೀಗಾಗಿದೆ. ಕೆಲವು ಶಾಲೆಗಳಲ್ಲಿ ಮೊಟ್ಟೆ ತರಲೇಬಾರದು ಅನ್ನುವ ನಿಯಮವೂ ಇದೆ. ಸರ್ಕಾರಿ ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡುತ್ತಾರೆ, ಬೇಡವೆಂದವರಿಗೆ ಬಾಳೆಹಣ್ಣು. 2025ರಲ್ಲಿ ನಿಲ್ಲಿಸುವವರೆಗೆ ಚಿಕ್ಕಿಯೂ ಇತ್ತು. ಎರಡೂ ಸಮ ಅಲ್ಲ. ಪ್ರೋಟೀನಿನ ಲೆಕ್ಕದಲ್ಲಿ ಶೇಂಗಾ ಚಿಕ್ಕಿಯೇ ಹತ್ತಿರ, ಬಾಳೆಹಣ್ಣಿನಲ್ಲಿ ಒಂದು ಗ್ರಾಂ ಸಿಕ್ಕರೆ ಹೆಚ್ಚು. ತಿನ್ನದ ಮನೆಯವರಿಗೆ ಹೆಸರುಕಾಳಿನ ದೋಸೆ ಇದೆ. ರಾತ್ರಿ ನೆನೆಸಿದ ಕಾಳನ್ನು ಬೆಳಿಗ್ಗೆ ಶುಂಠಿ ಹಾಕಿ ರುಬ್ಬಿ ಹುಯ್ಯುವುದು, ಹುದುಗಿಗೆ ಕಾಯಬೇಕಿಲ್ಲ. ಎರಡು ಚಿಕ್ಕ ದೋಸೆ ತಿಂದರೆ ಒಂದು ಮೊಟ್ಟೆಯ ಪ್ರೋಟೀನ್ ಬಂತು.

ಹಣ್ಣು, ಹಾಲು, ಡಬ್ಬಿ

ಸೇಬೋ ಸೀಬೆಯೋ? ಸೀಬೆ, ಕಣ್ಣು ಮುಚ್ಚಿ. ಸೀಬೆಯಲ್ಲಿ 100 ಗ್ರಾಮಿಗೆ 200 ಮಿಲಿಗ್ರಾಂನಷ್ಟು ವಿಟಮಿನ್ ಸಿ ಇದೆ, ಕಿತ್ತಳೆಗಿಂತಲೂ ನಾಲ್ಕು ಪಟ್ಟು. ಸೇಬಿನಲ್ಲಿ ಹೆಸರಿಗಷ್ಟೇ. ಬೆಲೆ ನೋಡಿದರೆ ಉಲ್ಟಾ. ಬೀಜ ತೆಗೆದು ತೆಳುವಾಗಿ ಹೆಚ್ಚಿ, ಊಟದ ಜೊತೆಗೇ ತಿನ್ನಲಿ. ಸೇಬು ಹೆಚ್ಚಿಟ್ಟರೆ ಕಪ್ಪಾಗುತ್ತದೆ, "ಕೊಳೆತಿದೆ" ಅಂತ ಮಕ್ಕಳು ಮುಟ್ಟುವುದಿಲ್ಲ. ಏಲಕ್ಕಿ ಬಾಳೆಯನ್ನು ಸಿಪ್ಪೆ ಸಮೇತ ಕಳಿಸಬಹುದು, ತುದಿಯಲ್ಲಿ ಚೂರು ಸುಲಿದು ಕೊಟ್ಟರೆ ಪುಟ್ಟ ಕೈಗೂ ಸುಲಭ.

ಹಾಲು ದಿನಕ್ಕೆ ಅರ್ಧ ಲೀಟರ್ ಒಳಗೇ ಇರಲಿ. ಊಟ ಬಿಟ್ಟ ಅಂತ ಮತ್ತೊಂದು ಲೋಟ ಹಾಲು ಕೊಡುತ್ತಾ ಹೋದರೆ ಹೊಟ್ಟೆ ಹಾಲಿನಲ್ಲೇ ತುಂಬಿ, ಕಬ್ಬಿಣ ಇರುವ ಊಟಕ್ಕೆ ಜಾಗವೇ ಇರುವುದಿಲ್ಲ.

ಡಬ್ಬಿಯ ವಿಷಯದಲ್ಲಿ ನಾನು ಮೂರು ಸಲ ದುಡ್ಡು ಕಳೆದುಕೊಂಡಿದ್ದೇನೆ. ನಾಲ್ಕು ಕ್ಲಿಪ್‌ನ ಬಣ್ಣದ ಡಬ್ಬಿ ಚಂದ, ಆದರೆ ಮಗಳಿಗೆ ತೆಗೆಯಲು ಬರುತ್ತಿರಲಿಲ್ಲ. ಟೀಚರ್ ಬರುವವರೆಗೆ ಕಾದು, ಬೆಲ್ ಹೊಡೆದು, ಊಟ ಹಾಗೇ ವಾಪಸ್. ನಾನು ಅಡುಗೆ ಸರಿಯಿಲ್ಲ ಅಂದುಕೊಂಡು ಒಂದು ವಾರ ಪಾಕವಿಧಾನ ಬದಲಾಯಿಸುತ್ತಾ ಕೂತಿದ್ದೆ! ಈಗ ಒಂದೇ ಮುಚ್ಚಳದ ಸ್ಟೀಲ್ ಡಬ್ಬಿ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಮಗುವಿನ ಕೈಗೆ ಕೊಟ್ಟು ತೆಗೆಸಿ ನೋಡಿ. ಬಿಸಿ ಇಡ್ಲಿ ಹಾಕಿದ ಕೂಡಲೇ ಮುಚ್ಚಬೇಡಿ. ಒಳಗೆ ಬೆವತು, ನೀರು ತೊಟ್ಟಿಕ್ಕಿ ಇಡ್ಲಿ ಪಿಚಪಿಚ ಆಗುತ್ತದೆ. ಐದು ನಿಮಿಷ ಹಾಗೇ ಬಿಡಿ, ಆ ಹೊತ್ತಿಗೆ ಕಾಲುಚೀಲ ಹುಡುಕಬಹುದು.

ಹೊಸ ತಿಂಡಿಯನ್ನು ಡಬ್ಬಿಯಲ್ಲಿ ಮೊದಲ ಸಲ ಕಳಿಸಬೇಡಿ. ಭಾನುವಾರ ಮನೆಯಲ್ಲಿ, ನಮ್ಮ ತಟ್ಟೆಯಿಂದ ಒಂದು ತುತ್ತು. ಹತ್ತು ಸಲ ಬೇಡ ಅಂದದ್ದನ್ನು ಹನ್ನೊಂದನೇ ಸಲ ತಿಂದದ್ದನ್ನು ನೋಡಿದ್ದೇನೆ.

ಇನ್ನು ಅಲಾರಾಂ ಬಂದ್ ಆಗಿ, ಕಣ್ಣು ಬಿಟ್ಟಾಗ ಏಳೂ ನಲವತ್ತು ಆಗಿರುವ ದಿನದ ಮಾತು. ನಮ್ಮ ಮನೆಯಲ್ಲಿ ಆ ದಿನಕ್ಕೆ ಅಂತಲೇ ಒಂದು ಜೋಡಿ ಇದೆ. ಹೊಟ್ಟೆಗೆ ಹಾಲು ಬೆಲ್ಲದಲ್ಲಿ ಕಲಸಿದ ಹುರಿಹಿಟ್ಟು, ಡಬ್ಬಿಗೆ ಮೊಸರು–ತೆಳು ಅವಲಕ್ಕಿ, ಮೇಲೆ ಹುರಿಗಡಲೆ ಪುಡಿ, ಪಕ್ಕಕ್ಕೆ ಏಲಕ್ಕಿ ಬಾಳೆ. ಮೊಸರು ಫ್ರಿಜ್ಜಿನಿಂದ ತೆಗೆದ ತಣ್ಣನೆಯದೇ ಇರಲಿ, ಆಗ ಬೇಗ ಹುಳಿಯುವುದಿಲ್ಲ. ಒಲೆ ಹಚ್ಚುವುದು ಹಾಲು ಕಾಯಿಸಲು ಮಾತ್ರ. ಜಡೆಯ ಬದಲು ಅವತ್ತು ಹೇರ್‌ಬ್ಯಾಂಡ್.